ಸರ್ವರ್ ಪ್ರೋಗ್ರಾಂ ಹಂಚಿಕೊಳ್ಳುವುದು ಹೇಗೆ? ಜಿಪ್ ಫೈಲ್ ಫಾರ್ವರ್ಡ್ ಮಾಡುವ ಮೊದಲು ತಿಳಿದಿರಬೇಕಾದ ವಿಷಯಗಳು

ಹವ್ಯಾಸಕ್ಕೆಂದು ನೀವೊಂದು ಪುಟ್ಟ ಪ್ರೋಗ್ರಾಂ ಬರೆದಿದ್ದೀರಿ. ಅದು ತೋಟದ ಮಳೆ ಲೆಕ್ಕ ಇಡುವ ವೆಬ್‌ಸೈಟ್ ಇರಬಹುದು, ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು ಹುಡುಕಿಕೊಡುವ ಪುಟ ಇರಬಹುದು, ಬಸ್ ವೇಳೆ ಹೇಳುವ ಟೆಲಿಗ್ರಾಂ ಬಾಟ್ ಇರಬಹುದು. ಗೆಳೆಯರೊಬ್ಬರು ಅದನ್ನು ನೋಡಿ "ಚೆನ್ನಾಗಿದೆ, ನಮಗೂ ಕೊಡಿ" ಎನ್ನುತ್ತಾರೆ. ನೀವು ಇಡೀ ಫೋಲ್ಡರನ್ನು ಜಿಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ. ಅವರು ಅದನ್ನು ತಮ್ಮ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಅದು ಎಲ್ಲಿಗೆ ಹೋಯಿತು ಎಂಬುದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ನಮ್ಮ ಊರಿನ ಬಸ್ ವೇಳೆ ಹೇಳುವ ಬಾಟ್ ಒಂದನ್ನು ಬರೆದು, ಅದರ ಜಿಪ್ ಫೈಲನ್ನು ಸ್ನೇಹಿತರ ಗ್ರೂಪಿಗೆ ಹಾಕಿದ್ದೆವು. ಅದರೊಳಗೆ ಬಾಟ್‌ನ ಟೋಕನ್ ಹಾಗೇ ಇತ್ತು. ಬಾಟ್ ಬಳಸಿದವರ ಹೆಸರು ಮತ್ತು ಚಾಟ್ ಸಂಖ್ಯೆ ಇದ್ದ ಡೇಟಾಬೇಸ್ ಫೈಲೂ ಇತ್ತು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ನಮ್ಮ ಬಾಟ್ ಹೆಸರಿನಲ್ಲೇ ಎಲ್ಲರಿಗೂ ಲಾಟರಿ ಲಿಂಕ್ ಹೋಗಿತ್ತು. ಬಸ್ ವೇಳೆ ಕೇಳಲು ಬಂದಿದ್ದವರು ನಂಬಿ ಒತ್ತಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಪಾಠದಿಂದಲೇ ಈ ಲೇಖನ ಹುಟ್ಟಿದೆ.

ಸರ್ವರ್ ಪ್ರೋಗ್ರಾಂ ಎಂದರೇನು?

ನಿಮ್ಮ ಫೋನಿನಲ್ಲಿರುವ ಆ್ಯಪ್ ನಿಮ್ಮ ಫೋನಿನಲ್ಲೇ ಓಡುತ್ತದೆ. ಸರ್ವರ್ ಪ್ರೋಗ್ರಾಂ ಹಾಗಲ್ಲ. ಅದು ಸದಾ ಚಾಲೂ ಇರುವ ಬೇರೊಂದು ಕಂಪ್ಯೂಟರಿನಲ್ಲಿ ಕೂತು, ಯಾರಾದರೂ ಕೇಳಿದಾಗ ಉತ್ತರ ಕಳಿಸುತ್ತದೆ. ಹೋಟೆಲಿನ ಉದಾಹರಣೆ ತೆಗೆದುಕೊಂಡರೆ, ನಿಮ್ಮ ಫೋನು ಮೇಜಿನ ಮುಂದೆ ಕೂತ ಗಿರಾಕಿ, ಸರ್ವರ್ ಒಳಗಿನ ಅಡುಗೆಮನೆ. ಪಿಎಚ್‌ಪಿ, ಪೈಥಾನ್, ನೋಡ್, ಗೋ ಮೊದಲಾದವು ಈ ಅಡುಗೆಮನೆಯಲ್ಲಿ ಹೆಚ್ಚಾಗಿ ಬಳಸುವ ಸಾಧನಗಳು.

ದೋಸೆಯನ್ನು ಪೊಟ್ಟಣ ಕಟ್ಟಿ ಕೊಡುವುದು ಸುಲಭ, ಅಡುಗೆಮನೆಯನ್ನೇ ಪೊಟ್ಟಣ ಕಟ್ಟಿ ಕೊಡುವುದು ಕಷ್ಟ. ಸರ್ವರ್ ಪ್ರೋಗ್ರಾಂ ಹಂಚುವುದರಲ್ಲಿರುವ ತೊಡಕು ಇದೇ. ಒಲೆ ಯಾವುದು, ಗ್ಯಾಸ್ ಎಲ್ಲಿಂದ ಬರುತ್ತದೆ, ಬೀಗದ ಕೈ ಯಾರ ಬಳಿ ಇದೆ ಎಂಬುದೆಲ್ಲ ಕೋಡ್‌ನ ಹೊರಗೆ ಇರುತ್ತದೆ.

ಹವ್ಯಾಸಿಗಳ ಕೋಡ್ ಎಷ್ಟು ದೂರ ಹೋಗಬಲ್ಲದು?

ರಾಸ್ಮಸ್ ಲೆರ್ಡಾರ್ಫ್ ಎಂಬುವರು 1994ರಲ್ಲಿ ತಮ್ಮ ರೆಸ್ಯೂಮೆ ಪುಟವನ್ನು ಎಷ್ಟು ಜನ ನೋಡುತ್ತಾರೆ ಎಂದು ತಿಳಿಯಲು ಕೆಲವು ಪುಟ್ಟ ಪ್ರೋಗ್ರಾಂಗಳನ್ನು ಬರೆದುಕೊಂಡರು. 1995ರ ಜೂನ್‌ನಲ್ಲಿ ಅವನ್ನು 'ಪರ್ಸನಲ್ ಹೋಮ್ ಪೇಜ್ ಟೂಲ್ಸ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಬೆಳೆದು ಇಂದಿನ ಪಿಎಚ್‌ಪಿ ಆಗಿದೆ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ವೆಬ್‌ಸೈಟುಗಳೆಲ್ಲ ಅದರ ಮೇಲೆಯೇ ನಿಂತಿವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ 1995ರಲ್ಲಿ ಅಮೆರಿಕದ ಮ್ಯಾಟ್ ರೈಟ್ ಎಂಬ ಹೈಸ್ಕೂಲು ಹುಡುಗ ತಾನು ಬರೆದ ಉಚಿತ ಪರ್ಲ್ ಸ್ಕ್ರಿಪ್ಟುಗಳನ್ನು 'ಮ್ಯಾಟ್ಸ್ ಸ್ಕ್ರಿಪ್ಟ್ ಆರ್ಕೈವ್' ಎಂಬ ತಾಣದಲ್ಲಿ ಇಟ್ಟ. ಅದರಲ್ಲಿದ್ದ 'ಫಾರ್ಮ್‌ಮೇಲ್' ಎಂಬುದು ವೆಬ್‌ಸೈಟಿನ ಫಾರ್ಮ್‌ನಲ್ಲಿ ತುಂಬಿದ್ದನ್ನು ಇಮೇಲ್ ಆಗಿ ಕಳಿಸುತ್ತಿತ್ತು. ಬಳಸಲು ಸುಲಭವಾಗಿದ್ದರಿಂದ ಲೆಕ್ಕವಿಲ್ಲದಷ್ಟು ಜನ ಅದನ್ನು ಹಾಕಿಕೊಂಡರು. ಆದರೆ ಅದರಲ್ಲೊಂದು ದೋಷವಿತ್ತು. ಇಮೇಲ್ ಯಾರಿಗೆ ಹೋಗಬೇಕು ಎಂಬುದನ್ನು ಫಾರ್ಮ್ ಕಳಿಸುವವರೇ ಬದಲಿಸಬಹುದಿತ್ತು. ಸ್ಪ್ಯಾಮ್ ಕಳಿಸುವವರು ಇದನ್ನು ಕಂಡುಕೊಂಡು, ಯಾರದೋ ಸರ್ವರಿನಿಂದ ಇನ್ಯಾರಿಗೋ ಕಸದ ಮೇಲ್‌ಗಳನ್ನು ಕಳಿಸತೊಡಗಿದರು.

ಮುಂದೆ ದೋಷ ಸರಿಪಡಿಸಿದ ಆವೃತ್ತಿಗಳು ಬಂದವು. ಲಂಡನ್ನಿನ ಪರ್ಲ್ ಪ್ರೋಗ್ರಾಮರ್‌ಗಳ ಬಳಗ 'ಎನ್‌ಎಂಎಸ್' ಎಂಬ ಹೆಸರಿನಲ್ಲಿ ಸುರಕ್ಷಿತ ಬದಲಿ ಸ್ಕ್ರಿಪ್ಟುಗಳನ್ನೂ ಬರೆಯಿತು. ಮೂಲ ಲೇಖಕರೇ ತಮ್ಮ ತಾಣದಲ್ಲಿ ಅವನ್ನು ಬಳಸಲು ಸಲಹೆ ಮಾಡಿದರು. ಆದರೂ ಹಳೆಯ ಪ್ರತಿಗಳು ವರ್ಷಗಟ್ಟಲೆ ಓಡುತ್ತಲೇ ಇದ್ದವು. ತಪ್ಪು ಸುದ್ದಿಯ ಫಾರ್ವರ್ಡ್ ಬಗ್ಗೆ ನಮಗೆ ಗೊತ್ತಲ್ಲ, ತಿದ್ದುಪಡಿ ಬಂದ ಮೇಲೂ ಹಳೆಯ ಸಂದೇಶ ಸುತ್ತುತ್ತಲೇ ಇರುತ್ತದೆ. ಕೋಡ್‌ನದೂ ಅದೇ ಕತೆ. ಹಾಗಾಗಿ ಹಂಚುವಾಗ ತಿದ್ದುಪಡಿ ಕೂಡ ಜನರಿಗೆ ತಲುಪುವಂತಹ ದಾರಿ ಹಿಡಿಯಬೇಕು.

ಹಂಚುವ ಮೊದಲು: ಬೀಗದ ಕೈ ಬೇರೆ, ಮನೆ ಬೇರೆ

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸ ಒಂದೇ. ಕೋಡ್, ಗುಟ್ಟು, ಜನರ ಮಾಹಿತಿ ಈ ಮೂರನ್ನೂ ಬೇರ್ಪಡಿಸಿ.

ಗುಟ್ಟು ಎಂದರೆ ಡೇಟಾಬೇಸ್ ಪಾಸ್‌ವರ್ಡ್, ಬಾಟ್ ಟೋಕನ್, ಎಸ್‌ಎಂಎಸ್ ಅಥವಾ ಪಾವತಿ ಸೇವೆಯ ಕೀ, ಇಮೇಲ್ ಪಾಸ್‌ವರ್ಡ್ ಮುಂತಾದವು. ಇವನ್ನು ಕೋಡ್‌ನೊಳಗೆ ಬರೆಯದೆ ಬೇರೊಂದು ಫೈಲಿನಲ್ಲಿ ಇಡುವುದು ರೂಢಿ. ಈ ಫೈಲಿಗೆ ಸಾಮಾನ್ಯವಾಗಿ 'ಡಾಟ್ ಇಎನ್‌ವಿ' ಎಂದು ಹೆಸರಿಡುತ್ತಾರೆ. ಹಂಚುವಾಗ ಈ ಫೈಲನ್ನು ಕೊಡಬಾರದು. ಅದರ ಬದಲು ಅದೇ ಆಕಾರದ, ಆದರೆ "ನಿಮ್ಮ ಟೋಕನ್ ಇಲ್ಲಿ ಹಾಕಿ" ಎಂದಷ್ಟೇ ಬರೆದ ಮಾದರಿ ಫೈಲ್ ಕೊಡಿ.

ಜನರ ಮಾಹಿತಿ ಎಂದರೆ ನಿಮ್ಮ ಪ್ರೋಗ್ರಾಂ ಬಳಸಿದವರ ಹೆಸರು, ಫೋನ್ ನಂಬರ್, ಸಂದೇಶಗಳು. ಡೇಟಾಬೇಸ್ ಫೈಲ್, ಲಾಗ್ ಫೈಲ್, ಜನರು ಅಪ್‌ಲೋಡ್ ಮಾಡಿದ ಚಿತ್ರಗಳ ಫೋಲ್ಡರ್ ಎಲ್ಲವನ್ನೂ ಹೊರಗಿಡಿ. ಡೇಟಾಬೇಸಿನ ಆಕಾರ ತಿಳಿಸಲು ಖಾಲಿ ಟೇಬಲ್‌ಗಳನ್ನು ಸೃಷ್ಟಿಸುವ ಫೈಲ್ ಸಾಕು. ಪರೀಕ್ಷೆಗೆ ಬೇಕಿದ್ದರೆ ಕಾಲ್ಪನಿಕ ಹೆಸರುಗಳ ನಾಲ್ಕು ಸಾಲು ಸೇರಿಸಿ.

ಗುಟ್ಟು ಈಗಾಗಲೇ ಹೊರಗೆ ಹೋಗಿದ್ದರೆ? ಫೈಲ್ ಅಳಿಸಿದರೆ ಸಾಲದು, ಕೀಲಿಯನ್ನೇ ಬದಲಿಸಬೇಕು. ಟೆಲಿಗ್ರಾಂ ಬಾಟ್ ಆದರೆ 'ಬಾಟ್‌ಫಾದರ್'ಗೆ ಹೋಗಿ ಹಳೆಯ ಟೋಕನ್ ರದ್ದು ಮಾಡಿ ಹೊಸದು ಪಡೆಯಬಹುದು. ನಾವು ಮಾಡಿದ್ದೂ ಅದನ್ನೇ. ಆಮೇಲೆ ಬಳಕೆದಾರರಿಗೆಲ್ಲ "ಆ ಲಿಂಕ್ ನಮ್ಮದಲ್ಲ, ಒತ್ತಬೇಡಿ" ಎಂದು ತಿಳಿಸಿ ಕ್ಷಮೆ ಕೇಳಿದೆವು. ಟೋಕನ್ ಬದಲಿಸಲು ಒಂದು ನಿಮಿಷ ಹಿಡಿಯಿತು. ಜನರ ಹೆಸರುಗಳನ್ನು ಮಾತ್ರ ವಾಪಸ್ ಪಡೆಯಲು ಆಗಲಿಲ್ಲ.

ಹಂಚಲು ಇರುವ ಐದು ದಾರಿಗಳು

1. ಜಿಪ್ ಫೈಲ್

ಎಲ್ಲರಿಗೂ ಗೊತ್ತಿರುವ ದಾರಿ ಇದು. ಒಬ್ಬರೋ ಇಬ್ಬರೋ ಪರಿಚಯದವರಿಗೆ ಒಮ್ಮೆ ಕೊಡುವುದಾದರೆ ತಪ್ಪೇನಿಲ್ಲ. ಆದರೆ ಜಿಪ್‌ಗೆ ನೆನಪಿಲ್ಲ. ನಾಳೆ ನೀವು ದೋಷ ಸರಿಪಡಿಸಿದರೆ ಅವರ ಪ್ರತಿಗೆ ಅದು ತಿಳಿಯುವುದಿಲ್ಲ. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಎಂಬ ಫೈಲುಗಳು ಹುಟ್ಟಿಕೊಳ್ಳುತ್ತವೆ, ಯಾವುದು ಹೊಸದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಜಿಪ್‌ನಲ್ಲೇ ಕೊಡಬೇಕೆಂದಿದ್ದರೆ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಹಾಕಿ. ನೋಡ್ ಪ್ರೋಗ್ರಾಂ ಆದರೆ 'ನೋಡ್ ಮಾಡ್ಯೂಲ್ಸ್' ಎಂಬ ಫೋಲ್ಡರನ್ನು, ಪೈಥಾನ್ ಆದರೆ 'ವೆನ್ವ್' ಫೋಲ್ಡರನ್ನು ಸೇರಿಸಬೇಡಿ. ಅವು ಗಾತ್ರ ಹೆಚ್ಚಿಸುತ್ತವೆ, ಬೇರೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತವೆ ಎಂಬ ಖಾತ್ರಿಯೂ ಇಲ್ಲ. ಬೇಕಾದ ಲೈಬ್ರರಿಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ ಪಡೆದವರ ಕಂಪ್ಯೂಟರ್ ಅವನ್ನು ತಾನೇ ಇಳಿಸಿಕೊಳ್ಳುತ್ತದೆ.

2. ಗಿಟ್ ರೆಪಾಸಿಟರಿ

ಹವ್ಯಾಸಿಗಳಿಗೆ ನಾವು ಮೊದಲು ಹೇಳುವ ದಾರಿ ಇದು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಗಿಟ್ ಬರೆದರು. ಇದು ಕೋಡ್‌ನ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರು ಎಂಬ ವಿವರದ ಜೊತೆ ಬರೆದಿಡುತ್ತದೆ. ಗಿಟ್‌ಹಬ್, ಗಿಟ್‌ಲ್ಯಾಬ್, ಕೋಡ್‌ಬರ್ಗ್ ಮೊದಲಾದ ತಾಣಗಳಲ್ಲಿ ಇದನ್ನು ಉಚಿತವಾಗಿ ಇಡಬಹುದು. ಫೈಲ್ ಬದಲು ಲಿಂಕ್ ಕಳಿಸುತ್ತೀರಿ, ಆದ್ದರಿಂದ ಲಿಂಕ್ ಎಷ್ಟು ಗ್ರೂಪ್ ಸುತ್ತಿದರೂ ಕೊನೆಯಲ್ಲಿ ಸಿಗುವುದು ಇತ್ತೀಚಿನ ಪ್ರತಿಯೇ.

ಇಲ್ಲೊಂದು ಎಚ್ಚರಿಕೆ ಬೇಕು. ಗಿಟ್ ಏನನ್ನೂ ಮರೆಯುವುದಿಲ್ಲ. ಪಾಸ್‌ವರ್ಡ್ ಇದ್ದ ಫೈಲನ್ನು ಒಮ್ಮೆ ಸೇರಿಸಿ ಮರುದಿನ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಅದು ಓದಲು ಸಿಗುತ್ತದೆ. ಸಾರ್ವಜನಿಕ ರೆಪಾಸಿಟರಿಗಳಲ್ಲಿ ಇಂಥ ಕೀಲಿಗಳನ್ನು ಹುಡುಕುವುದಕ್ಕೆಂದೇ ಓಡುತ್ತಿರುವ ಪ್ರೋಗ್ರಾಂಗಳಿವೆ. ಆದ್ದರಿಂದ ಮೊದಲ ದಿನವೇ 'ಗಿಟ್‌ಇಗ್ನೋರ್' ಫೈಲಿನಲ್ಲಿ ಗುಟ್ಟಿನ ಫೈಲುಗಳ ಹೆಸರು ಬರೆದಿಡಿ.

3. ಪ್ಯಾಕೇಜ್ ಭಂಡಾರ

ನೀವು ಬರೆದದ್ದು ಇಡೀ ವೆಬ್‌ಸೈಟ್ ಅಲ್ಲ, ಬೇರೆಯವರ ಪ್ರೋಗ್ರಾಂನಲ್ಲೂ ಕೂರಿಸಬಹುದಾದ ಬಿಡಿಭಾಗ ಎಂದುಕೊಳ್ಳಿ. ಉದಾಹರಣೆಗೆ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿ ಬದಲಿಸುವ ಫಂಕ್ಷನ್. ಇಂಥದಕ್ಕೆ ಪ್ಯಾಕೇಜ್ ಭಂಡಾರ ಸರಿಯಾದ ಜಾಗ. ಪರ್ಲ್‌ಗೆ 1995ರಿಂದ ಸಿಪ್ಯಾನ್ ಇದೆ. ಪೈಥಾನ್‌ಗೆ ಪೈಪಿಐ, ನೋಡ್‌ಗೆ ಎನ್‌ಪಿಎಂ, ಪಿಎಚ್‌ಪಿಗೆ ಪ್ಯಾಕೇಜಿಸ್ಟ್ ಇವೆ. ಬಳಸುವವರು ಒಂದು ಸಾಲಿನ ಆದೇಶ ಕೊಟ್ಟರೆ ಸಾಕು, ಪ್ಯಾಕೇಜ್ ಬಂದು ಕೂರುತ್ತದೆ.

ಇಲ್ಲಿ ಜವಾಬ್ದಾರಿ ದೊಡ್ಡದು. 2016ರ ಮಾರ್ಚ್‌ನಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಕೇವಲ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂನಿಂದ ತೆಗೆದುಬಿಟ್ಟರು. ಅದನ್ನು ನೆಚ್ಚಿಕೊಂಡಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟುಗಳನ್ನು ಕಟ್ಟುವ ಕೆಲಸವೇ ನಿಂತುಹೋಯಿತು. ಎನ್‌ಪಿಎಂ ಅದನ್ನು ಮರಳಿ ತರಬೇಕಾಯಿತು, ಪ್ಯಾಕೇಜ್ ತೆಗೆಯುವ ನಿಯಮಗಳನ್ನೂ ಬಿಗಿ ಮಾಡಿತು. 2018ರಲ್ಲಿ 'ಇವೆಂಟ್ ಸ್ಟ್ರೀಮ್' ಎಂಬ ಜನಪ್ರಿಯ ಪ್ಯಾಕೇಜನ್ನು ಅದರ ಲೇಖಕರು ನೋಡಿಕೊಳ್ಳಲು ಪುರುಸೊತ್ತಿಲ್ಲದೆ, ಸಹಾಯ ಮಾಡುತ್ತೇನೆಂದು ಬಂದ ಅಪರಿಚಿತರೊಬ್ಬರಿಗೆ ಒಪ್ಪಿಸಿದರು. ಆ ಅಪರಿಚಿತರು ಅದರ ಮೂಲಕ ಒಂದು ಬಿಟ್‌ಕಾಯಿನ್ ವ್ಯಾಲೆಟ್‌ನಿಂದ ಕದಿಯುವ ಕೋಡ್ ತೂರಿಸಿದರು. ಹವ್ಯಾಸದ ಕೋಡ್ ಎಂದು ಹಗುರವಾಗಿ ಕಾಣುವ ಹಾಗಿಲ್ಲ.

4. ಡಾಕರ್ ಕಂಟೇನರ್

"ನನ್ನ ಕಂಪ್ಯೂಟರಿನಲ್ಲಿ ಓಡುತ್ತದಲ್ಲ!" ಎಂಬುದು ಪ್ರೋಗ್ರಾಮರ್‌ಗಳ ಹಳೆಯ ಗೋಳು. ನಿಮ್ಮಲ್ಲಿ ಪಿಎಚ್‌ಪಿಯ ಒಂದು ಆವೃತ್ತಿ, ಅವರಲ್ಲಿ ಇನ್ನೊಂದು. 2013ರಲ್ಲಿ ಬಂದ ಡಾಕರ್ ಇದಕ್ಕೊಂದು ಪರಿಹಾರ ಕೊಟ್ಟಿತು. ಕೋಡ್, ಅದಕ್ಕೆ ಬೇಕಾದ ಭಾಷೆ, ಲೈಬ್ರರಿಗಳು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟುತ್ತದೆ. ಮೊದಲು ಹೇಳಿದ ಅಡುಗೆಮನೆಯನ್ನು ಒಲೆ ಸಮೇತ ಲಾರಿಯಲ್ಲಿ ಕಳಿಸಿದಂತೆ. 'ಕಂಪೋಸ್' ಫೈಲ್ ಜೊತೆಗಿದ್ದರೆ ಪ್ರೋಗ್ರಾಂ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಆದೇಶದಲ್ಲಿ ಶುರುಮಾಡಬಹುದು.

ಗಮನಿಸಬೇಕಾದ ಸಂಗತಿ ಎರಡು. ಒಂದು, ಇಂಟೆಲ್ ಕಂಪ್ಯೂಟರಿಗೆ ಕಟ್ಟಿದ ಪೆಟ್ಟಿಗೆ ರಾಸ್ಪ್‌ಬೆರಿ ಪೈನಂಥ ಆರ್ಮ್ ಯಂತ್ರದಲ್ಲಿ ನೇರವಾಗಿ ಓಡುವುದಿಲ್ಲ, ಎರಡಕ್ಕೂ ಬೇರೆಬೇರೆಯಾಗಿ ಕಟ್ಟಬೇಕು. ಎರಡು, ಡಾಕರ್ ಪೆಟ್ಟಿಗೆ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಕೆಳಗಿನ ಪದರದಲ್ಲಿ ಹಾಕಿದ ಪಾಸ್‌ವರ್ಡ್ ಫೈಲನ್ನು ಮೇಲಿನ ಪದರದಲ್ಲಿ ಅಳಿಸಿದರೂ ಅದು ಕೆಳಗೆ ಹಾಗೇ ಉಳಿದಿರುತ್ತದೆ.

5. ಒಂದೇ ಫೈಲಿನ ಪ್ರೋಗ್ರಾಂ

ಗೋ, ರಸ್ಟ್‌ನಂಥ ಭಾಷೆಗಳಲ್ಲಿ ಇಡೀ ಸರ್ವರನ್ನು ಒಂದೇ ಫೈಲಾಗಿ ಮಾಡಿ ಕೊಡಬಹುದು. ಪಡೆದವರು ಆ ಫೈಲನ್ನು ಸರ್ವರಿನಲ್ಲಿಟ್ಟು, ಸೆಟ್ಟಿಂಗ್ ತುಂಬಿ, ಚಾಲೂ ಮಾಡಿದರೆ ಆಯಿತು.

ಕನ್ನಡಕ್ಕೆ ಹತ್ತಿರದ ಉದಾಹರಣೆಯೊಂದಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಇಂಟರ್‌ನೆಟ್‌ಗೆ ಬಂತು. ಅದನ್ನು ನಡೆಸುವ ಸರ್ವರ್ ಪ್ರೋಗ್ರಾಂ ಮುಕ್ತ ತಂತ್ರಾಂಶ, ಗೋ ಭಾಷೆಯದು, ಒಂದೇ ಫೈಲಾಗಿ ಸಿಗುತ್ತದೆ. ಮಲಯಾಳಂನ 'ಓಲಂ' ನಿಘಂಟು ನಡೆಯುವುದೂ ಅದೇ ಪ್ರೋಗ್ರಾಂನಿಂದ. ನಿಘಂಟಿನ ದತ್ತಾಂಶಕ್ಕೆ ಬೇರೆಯದೇ ಆದ ಮುಕ್ತ ಪರವಾನಗಿ ಇದೆ. ಕೋಡ್ ಬೇರೆ, ದತ್ತಾಂಶ ಬೇರೆ ಎಂದು ಇಟ್ಟುಕೊಂಡದ್ದರಿಂದಲೇ ಒಂದು ಭಾಷೆಗೆ ಮಾಡಿದ ಕೆಲಸ ಇನ್ನೊಂದು ಭಾಷೆಗೂ ಒದಗಿತು.

ರೀಡ್‌ಮೀ: ಜೊತೆಗಿರಲೇಬೇಕಾದ ಚೀಟಿ

ಔಷಧದ ಬಾಟಲಿಗೆ ಚೀಟಿ ಇಲ್ಲದಿದ್ದರೆ ಕುಡಿಯುತ್ತೀರಾ? ಕೋಡ್‌ಗೆ ರೀಡ್‌ಮೀ ಫೈಲ್ ಆ ಚೀಟಿ ಇದ್ದಂತೆ. ಅದರಲ್ಲಿ ಇಷ್ಟಾದರೂ ಇರಲಿ:

- ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ
- ಯಾವ ಭಾಷೆಯ ಯಾವ ಆವೃತ್ತಿ, ಯಾವ ಡೇಟಾಬೇಸ್ ಬೇಕು
- ಶುರುಮಾಡಲು ಕೊಡಬೇಕಾದ ಆದೇಶಗಳು, ಒಂದರ ಕೆಳಗೆ ಒಂದು
- ಯಾವ ಸೆಟ್ಟಿಂಗ್‌ಗಳನ್ನು ತಮ್ಮದಾಗಿ ಬದಲಿಸಿಕೊಳ್ಳಬೇಕು
- ದೋಷ ಕಂಡರೆ ಎಲ್ಲಿ ತಿಳಿಸಬೇಕು
- ನೀವಿನ್ನೂ ಇದನ್ನು ನೋಡಿಕೊಳ್ಳುತ್ತಿದ್ದೀರಾ, ಬಿಟ್ಟಿದ್ದೀರಾ

ಕನ್ನಡದಲ್ಲಿ ಕೆಲಸ ಮಾಡುವ ಪ್ರೋಗ್ರಾಂ ಆದರೆ ಇನ್ನೊಂದು ಸಾಲು ಸೇರಿಸಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. 'ಕಿ' ಎಂದು ಬರೆದರೆ ಕ ಮತ್ತು ಗುಣಿಸು ಚಿಹ್ನೆ ಸೇರಿ 6 ಬೈಟ್. ಡೇಟಾಬೇಸಿನ ಅಕ್ಷರ ಸೆಟ್ಟಿಂಗ್ ಹಳೆಯ ಲ್ಯಾಟಿನ್ ರೂಪದಲ್ಲಿದ್ದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣಬಹುದು. ಮೈಎಸ್‌ಕ್ಯೂಎಲ್ ಆದರೆ 'ಯುಟಿಎಫ್8ಎಂಬಿ4' ಆರಿಸಿಕೊಳ್ಳಲು ಹೇಳಿ, ಆಗ ಕನ್ನಡವೂ ಇಮೋಜಿಯೂ ಸರಿಯಾಗಿ ಕೂರುತ್ತವೆ.

ತಪ್ಪು ತಿಳಿವಳಿಕೆಗಳು ಮತ್ತು ನಿಜ

ತಿಳಿವಳಿಕೆ: ಇಂಟರ್‌ನೆಟ್‌ನಲ್ಲಿ ಇಟ್ಟ ಮೇಲೆ ಯಾರು ಬೇಕಾದರೂ ಬಳಸಬಹುದು.
ನಿಜ: ಹಾಗಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನೂ ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ಪರವಾನಗಿ ಬರೆಯದಿದ್ದರೆ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿಯುತ್ತವೆ. ಬೇರೆಯವರು ಧೈರ್ಯವಾಗಿ ಬಳಸಬೇಕೆಂದರೆ ಲೈಸನ್ಸ್ ಫೈಲ್ ಇರಬೇಕು. ಎಂಐಟಿ ಲೈಸನ್ಸ್ ಚಿಕ್ಕದು, "ನನ್ನ ಹೆಸರಿನ ಸೂಚನೆ ಉಳಿಸಿಕೊಂಡು ಏನು ಬೇಕಾದರೂ ಮಾಡಿ" ಎನ್ನುತ್ತದೆ. ಜಿಪಿಎಲ್ ಆದರೆ ಬದಲಿಸಿ ಹಂಚುವವರು ತಮ್ಮ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಆದರೆ ಸರ್ವರ್ ಪ್ರೋಗ್ರಾಂ ಅನ್ನು ಯಾರೂ ಹಂಚುವುದಿಲ್ಲ, ತಮ್ಮಲ್ಲೇ ಓಡಿಸುತ್ತಾರೆ. ಈ ಸಂದಿಯನ್ನು ಮುಚ್ಚಲು ಎಜಿಪಿಎಲ್ ಇದೆ. ನಿಮ್ಮ ಕೋಡನ್ನು ಬದಲಿಸಿ ನೆಟ್‌ನಲ್ಲಿ ಸೇವೆ ಕೊಡುವವರು ಬಳಕೆದಾರರಿಗೆ ಆ ಬದಲಾದ ಕೋಡ್ ಒದಗಿಸಬೇಕು ಎಂಬುದು ಅದರ ಷರತ್ತು.

ತಿಳಿವಳಿಕೆ: ಕೋಡ್ ತೆರೆದಿಟ್ಟರೆ ಹ್ಯಾಕರ್‌ಗಳಿಗೆ ದಾರಿ ಮಾಡಿಕೊಟ್ಟಂತೆ.
ನಿಜ: ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮಾತ್ರಕ್ಕೆ ನಿಮ್ಮ ಮನೆ ಬೀಗ ತೆರೆಯುವುದಿಲ್ಲ, ಕೀಲಿ ಬೇಕು. ಲಿನಕ್ಸ್ ಕೋಡ್ ಪೂರ್ತಿ ತೆರೆದಿದೆ, ಆದರೂ ಜಗತ್ತಿನ ಬಹುಪಾಲು ಸರ್ವರುಗಳು ಅದರ ಮೇಲೆ ಓಡುತ್ತವೆ. ಹಾಗೆಂದು ತೆರೆದಿಟ್ಟ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. ಯಾರಾದರೂ ಓದಬೇಕು, ದೋಷ ಹೇಳಬೇಕು, ನೀವು ಸರಿಪಡಿಸಬೇಕು.

ತಿಳಿವಳಿಕೆ: ಜಿಪ್‌ಗೆ ಪಾಸ್‌ವರ್ಡ್ ಹಾಕಿದರೆ ಸಾಕು.
ನಿಜ: ಅದೇ ಗ್ರೂಪಿನಲ್ಲಿ ಕೆಳಗಿನ ಮೆಸೇಜಿನಲ್ಲಿ ಪಾಸ್‌ವರ್ಡ್ ಬರೆದರೆ ಏನು ಬಂತು?

ನೀವು ಪಡೆಯುವವರಾದರೆ

ಯಾರೋ ಕಳಿಸಿದ ಕೋಡನ್ನು ಸರ್ವರಿನಲ್ಲಿ ಓಡಿಸುವುದೆಂದರೆ ಅವರಿಗೆ ನಿಮ್ಮ ಮನೆಯ ಒಳಕೋಣೆಗೆ ಪ್ರವೇಶ ಕೊಟ್ಟಂತೆ. ಫಾರ್ವರ್ಡ್ ಆಗಿ ಬಂದ ಫೈಲನ್ನು ಬಳಸದೆ, ಮೂಲ ಲೇಖಕರ ಪುಟ ಹುಡುಕಿ ಅಲ್ಲಿಂದಲೇ ಪಡೆಯಿರಿ. ಕೊನೆಯ ಬದಲಾವಣೆ ಯಾವಾಗ ಆಗಿದೆ ನೋಡಿ. ಶಾ-256 ಎಂಬ 64 ಅಕ್ಷರಗಳ ಬೆರಳಚ್ಚು ಕೊಟ್ಟಿದ್ದರೆ ನಿಮ್ಮ ಫೈಲಿನ ಬೆರಳಚ್ಚಿನ ಜೊತೆ ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಅದು ಅದೇ ಫೈಲ್ ಅಲ್ಲ. ಮೊದಲು ಖಾಲಿ ಯಂತ್ರದಲ್ಲಿ, ಸುಳ್ಳು ಮಾಹಿತಿ ಹಾಕಿ ಓಡಿಸಿ ನೋಡಿ. ಮಾದರಿ ಫೈಲಿನಲ್ಲಿರುವ 'ಅಡ್ಮಿನ್' ಪಾಸ್‌ವರ್ಡನ್ನು ಆ ಕ್ಷಣವೇ ಬದಲಿಸಿ.

ಪ್ರೋಗ್ರಾಂ ಬರೆಯದವರಿಗೂ ಒಂದು ಮಾತು. ಸರ್ವರ್ ಪ್ರೋಗ್ರಾಂ ಬಳಸಲು ನಿಮ್ಮ ಫೋನಿನಲ್ಲಿ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಬ್ರೌಸರ್‌ನಲ್ಲಿ ವಿಳಾಸ ತೆರೆದರೆ ಸಾಕು. ಹಾಗಿರುವಾಗ ಮದುವೆ ಆಮಂತ್ರಣ, ದಂಡದ ಚಲನ್, ಬ್ಯಾಂಕ್ ಅಪ್‌ಡೇಟ್ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಅದು ವಂಚನೆ ಎಂದೇ ತಿಳಿಯಿರಿ. ಇನ್‌ಸ್ಟಾಲ್ ಮಾಡಬೇಡಿ, ಮುಂದಕ್ಕೂ ಕಳಿಸಬೇಡಿ.

ಕೊನೆಯದಾಗಿ

ಹಂಚಲು ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡಿ. ಇನ್ನೊಂದು ಕಂಪ್ಯೂಟರಿನಲ್ಲಿ, ನಿಮ್ಮ ರೀಡ್‌ಮೀ ಮಾತ್ರ ನೋಡಿಕೊಂಡು, ಮೊದಲಿನಿಂದ ಹಾಕಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಒಂದು ಸಾಲು ಸೇರಿಸಿ. ಯಾವ ದಾರಿ ಹಿಡಿಯಬೇಕೆಂಬ ಗೊಂದಲವಿದ್ದರೆ ಗಿಟ್ ರೆಪಾಸಿಟರಿ, ರೀಡ್‌ಮೀ, ಲೈಸನ್ಸ್ ಈ ಮೂರರಿಂದ ಶುರುಮಾಡಿ. ಡಾಕರ್, ಪ್ಯಾಕೇಜ್ ಭಂಡಾರ ಎಲ್ಲ ಆಮೇಲೆ ಬೇಕಾದರೆ ಸೇರಿಸಿಕೊಳ್ಳಬಹುದು.

ಹಂಚಿಕೊಳ್ಳುವುದು ಒಳ್ಳೆಯ ಕೆಲಸ, ಹೆದರಿ ಬಿಡಬೇಡಿ. ನಮ್ಮ ಬಸ್ ಬಾಟ್ ಈಗಲೂ ಓಡುತ್ತಿದೆ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಟೋಕನ್ ಮಾತ್ರ ನಮ್ಮ ಸರ್ವರಿನ ಆಚೆ ಎಲ್ಲೂ ಇಲ್ಲ. ಕೋಡ್ ಬರೆಯುವ ಗೆಳೆಯರು ನಿಮಗಿದ್ದರೆ, ಮುಂದಿನ ಜಿಪ್ ಫೈಲ್ ಕಳಿಸುವ ಮೊದಲು ಅವರಿಗೆ ಈ ಲೇಖನ ಕಳಿಸಿ.